ಅಂತರ್ಜಾಲದ ಅಂಗಡಿಯೂ ಪರದೆಯ ಅಳತೆಯೂ

ಬೆಲ್ಲ, ಮೆಣಸಿನಕಾಯಿ, ಕಾಫಿ ಮುಂತಾದ ಫಸಲನ್ನು ಅಂತರ್ಜಾಲದ ಅಂಗಡಿಯ ಮೂಲಕ ನೇರವಾಗಿ ಮಾರಬಯಸುವ ಜಮೀನುದಾರರು ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಅಂಗಡಿಯನ್ನು ರಚಿಸುವವನು ಅದನ್ನು ಕಂಪ್ಯೂಟರಿನ ಅಗಲವಾದ ಪರದೆಯಲ್ಲಿ ನೋಡುವನು. ಕೊಳ್ಳುವವರಲ್ಲಿ ಬಹುಮಂದಿ ಅಂಗೈಯಗಲದ ಮೊಬೈಲಿನಲ್ಲಿ ನೋಡುವರು. ಪಿಕ್ಸೆಲ್ ಎಂಬ ಮಾನದಲ್ಲಿ ಕಂಪ್ಯೂಟರಿನ ಪುಟದ ಅಗಲವು ಅನೇಕ ವೇಳೆ 1366 ಅಥವಾ ಅದಕ್ಕೂ ಹೆಚ್ಚು. ಮೊಬೈಲಿನದು ಸಾಮಾನ್ಯವಾಗಿ 360ರಿಂದ 430. ಅಗಲವಾದ ಪರದೆಗೆಂದೇ ಮಾಡಿದ ಪುಟವು ಮೊಬೈಲಿನಲ್ಲಿ ಕುಗ್ಗಿ, ಅಕ್ಷರಗಳು ಓದಲಾಗದಷ್ಟು ಸಣ್ಣವಾಗುವುವು. ದರವನ್ನು ತಿಳಿಯಲು ಪುಟವನ್ನು ಅತ್ತಿತ್ತ ಎಳೆಯಬೇಕಾದರೆ ಗಿರಾಕಿಯು ಬೇಸತ್ತು ಬೇರೆ ಅಂಗಡಿಗೆ ಹೋಗುವನು. ಮಾಲು ಎಷ್ಟು ಉತ್ತಮವಾಗಿದ್ದರೂ ನಷ್ಟವು ಬೆಳೆದವನಿಗೇ.

ಇದಕ್ಕೆ ಪರಿಹಾರವುಂಟು. ಒಂದೊಂದು ಪರದೆಗೂ ಬೇರೆ ಪುಟವನ್ನು ಮಾಡದೆ, ಒಂದೇ ಪುಟವು ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವ ಕ್ರಮವನ್ನು 2010ರಲ್ಲಿ ಅಮೆರಿಕದ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕರು ವಿವರಿಸಿದರು. ನೀರು ಪಾತಿಯ ಆಕಾರವನ್ನು ತಾಳುವಂತೆ, ದೊಡ್ಡ ಪರದೆಯಲ್ಲಿ ಸಾಲಿಗೆ ನಾಲ್ಕಾಗಿದ್ದ ಮಾಲಿನ ಚಿತ್ರಗಳು ಮೊಬೈಲಿನಲ್ಲಿ ಒಂದರ ಕೆಳಗೊಂದಾಗಿ ನಿಲ್ಲುವುವು.

ಅಂಗಡಿಯನ್ನು ಮಾಡಿಸುವವರು ಹಣ ಸಲ್ಲಿಸುವುದಕ್ಕೆ ಮೊದಲು ಪರೀಕ್ಷಿಸತಕ್ಕ ಅಂಶಗಳಾವುವೆಂದರೆ:

1. ಮೊಬೈಲಿನಲ್ಲಿ ಪುಟವು ಅಡ್ಡಲಾಗಿ ಸರಿಯಕೂಡದು.

2. ಮಾಲಿನ ಚಿತ್ರ, ತೂಕ, ದರ, ಕೊಳ್ಳುವ ಗುಂಡಿ ಇವು ಒಟ್ಟಿಗೆ ಕಾಣಬೇಕು.

3. ಗುಂಡಿಗಳು ಹೆಬ್ಬೆರಳಿಗೆ ಸುಲಭವಾಗಿ ಸಿಕ್ಕಬೇಕು. 44ರಿಂದ 48 ಪಿಕ್ಸೆಲ್ ಅಳತೆಯು ಯೋಗ್ಯವಾದುದು.

4. ಚಿಕ್ಕ ಪರದೆಗೆ ಚಿಕ್ಕ ಚಿತ್ರವನ್ನೇ ಕಳುಹಿಸತಕ್ಕದ್ದು; ಇಲ್ಲವಾದರೆ ಪುಟವು ತೆರೆಯಲು ತಡವಾಗುವುದು.

5. ಕಡಮೆ ಬೆಲೆಯ ಮೊಬೈಲೊಂದರಲ್ಲಿ ಮಾಲನ್ನು ಆರಿಸುವುದರಿಂದ ಹಣ ಪಾವತಿಯವರೆಗೆ ಒಮ್ಮೆ ಪೂರ್ತಿಯಾಗಿ ನಡೆಸಿ ನೋಡತಕ್ಕದ್ದು.

ಆದಕಾರಣ ಪುಟವನ್ನು ಮೊದಲು ಚಿಕ್ಕ ಪರದೆಗೆ ಹೊಂದಿಸಿ, ಅನಂತರ ದೊಡ್ಡದಕ್ಕೆ ವಿಸ್ತರಿಸುವುದೇ ಲೇಸಾದ ಮಾರ್ಗವು.