ಬ್ಲೋವರ್ ಬದಲಿಸುವ ಮುಂಚೆ ಡಕ್ಟ್ ನೋಡಿ



ಅಡುಗೆಮನೆಯಲ್ಲಿ ಹೊಗೆ ನಿಂತಿತೆಂದರೆ ನಮ್ಮಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಮೋಟಾರ್ ಸಾಲದು, ದೊಡ್ಡದು ಹಾಕಿಸೋಣ." ಫಿಲ್ಟರ್ ಸ್ವಚ್ಛವಿದ್ದು, ಬೆಲ್ಟ್ ಬಿಗಿಯಿದ್ದು, ಬ್ಲೋವರ್ ಸರಿಯಾದ ದಿಕ್ಕಿಗೆ ತಿರುಗುತ್ತಿದ್ದರೂ ಹೊಗೆ ಹೋಗದಿದ್ದರೆ, ಬ್ಲೋವರಿನ ಬಾಯಿಗೆ ಡಕ್ಟ್ ಹೇಗೆ ಕೂಡಿದೆ ಎಂದು ಮೊದಲು ನೋಡಬೇಕು.

ಕಂಪನಿಯವರು ಬ್ಲೋವರ್ ಪರೀಕ್ಷಿಸುವಾಗ ಗಾಳಿ ಅಡೆತಡೆಯಿಲ್ಲದೆ ಒಳಬಂದು ನೇರವಾಗಿ ಹೊರಹೋಗುತ್ತದೆ. ಕ್ಯಾಟಲಾಗಿನಲ್ಲಿರುವ ಸಿ.ಎಫ್.ಎಂ. ಲೆಕ್ಕ ಅಂಥ ಪರೀಕ್ಷೆಯದು. ಮುಂಬಯಿ, ಪುಣೆಯ ನಮ್ಮ ಹೋಟೆಲುಗಳಲ್ಲಿ ಅಷ್ಟು ಜಾಗ ಎಲ್ಲಿದೆ? ಹುಡ್‌ನಿಂದ ಬಂದ ಡಕ್ಟನ್ನು ಬ್ಲೋವರಿನ ಬಾಯಲ್ಲೇ ತಿರುಗಿಸಿ ಕೂಡಿಸಿರುತ್ತಾರೆ. ಆಗ ಗಾಳಿ ಬೆಂಡಿನ ಹೊರಬದಿಗೆ ಒತ್ತಿಕೊಂಡು ಬರುತ್ತದೆ. ಚಕ್ರದ ಒಂದು ಕಡೆಗೆ ಹೆಚ್ಚು ಗಾಳಿ, ಇನ್ನೊಂದು ಕಡೆಗೆ ಕಡಿಮೆ. ಮೋಟಾರ್ ಶಬ್ದ ಮಾಡುತ್ತದೆ, ಹೊಗೆ ಮಾತ್ರ ಕಾವಲಿಯ ಮೇಲೆಯೇ ನಿಲ್ಲುತ್ತದೆ.

ಪುಲ್ಲಿ ಬದಲಿಸಿ ವೇಗ ಹೆಚ್ಚಿಸಬಹುದು. ಆದರೆ ವೇಗ ಶೇ. 10 ಹೆಚ್ಚಿಸಿದರೆ ಗಾಳಿ ಹೆಚ್ಚುವುದು ಶೇ. 10 ಮಾತ್ರ, ಮೋಟಾರಿನ ಮೇಲಿನ ಹೊರೆ ಸುಮಾರು ಶೇ. 33 ಏರುತ್ತದೆ. ಕರೆಂಟು ಬಿಲ್ಲು ಕಟ್ಟುವವರು ನಾವೇ.

ಹಾಗಾದರೆ ಏನು ಮಾಡಬೇಕು?

1. ಒಳಬಾಯಿಯ ಮುಂಚೆ ಡಕ್ಟಿನ ವ್ಯಾಸದ 3ರಿಂದ 5 ಪಟ್ಟು ನೇರ ಡಕ್ಟ್ ಇರಲಿ. 18 ಇಂಚಿನ ಡಕ್ಟಾದರೆ ಕನಿಷ್ಠ ನಾಲ್ಕೂವರೆ ಅಡಿ.

2. ಹೊರಬಾಯಿಯ ನಂತರ ಕನಿಷ್ಠ ಎರಡೂವರೆ ಪಟ್ಟು ನೇರವಿರಲಿ. ಅಲ್ಲೇ ತಿರುಗಿಸಲೇಬೇಕಾದರೆ ಚಕ್ರ ಸುತ್ತುವ ದಿಕ್ಕಿಗೇ ಬೆಂಡ್ ತಿರುಗಲಿ.

3. ಜಾಗವಿಲ್ಲದಿದ್ದರೆ ಚೌಕ ಮೂಲೆಯ ಬದಲು ದೊಡ್ಡ ಸುತ್ತಿನ ಬೆಂಡ್ ಮಾಡಿಸಿ, ಇಲ್ಲವೇ ಬ್ಲೋವರನ್ನೇ ತಿರುಗಿಸಿ ಕೂರಿಸಿ. ಬೆಂಡಿನೊಳಗೆ ಗಾಳಿ ತಿರುಗಿಸುವ ತಗಡು ಹಾಕುವ ಕ್ರಮವೂ ಇದೆ. ಆದರೆ ನಮ್ಮ ಡಕ್ಟಿನಲ್ಲಿ ಅದಕ್ಕೆ ಜಿಡ್ಡು ಹಿಡಿಯುತ್ತದೆ, ತೊಳೆಯುವುದು ಕಷ್ಟ.

4. ಬ್ಲೋವರಿಗೂ ಡಕ್ಟಿಗೂ ನಡುವಿನ ಮೆತ್ತನೆಯ ಜೋಡಣೆ ಸಡಿಲವಾಗಿದ್ದರೆ ಒಳಕ್ಕೆ ಎಳೆದುಕೊಂಡು ಬಾಯಿ ಕಿರಿದಾಗುತ್ತದೆ. ಅದು ಬಿಗಿಯಾಗಿರಲಿ, ಬೆಂಕಿ ತಡೆಯುವ ಬಟ್ಟೆಯದ್ದಾಗಿರಲಿ.

ಇದು ಬರೀ ಹೊಗೆಯ ಪ್ರಶ್ನೆಯಲ್ಲ. ಡಕ್ಟಿನೊಳಗೆ ಜಿಡ್ಡು ಕೂರುತ್ತದೆ. ಒಲೆಯಿಂದ ಒಂದು ಕಿಡಿ ಹೋದರೂ ಬೆಂಕಿ ಮೇಲಿನ ಮಹಡಿಯವರೆಗೆ ಹೋಗಬಹುದು. ದಿನವಿಡೀ ಆ ಬಿಸಿಯಲ್ಲಿ ನಿಲ್ಲುವವರು ನಮ್ಮ ಭಟ್ಟರು, ನಮ್ಮ ಹುಡುಗರು.

ಹೊಸ ಹೋಟೆಲ್ ಮಾಡುವವರೂ ರಿಪೇರಿ ಮಾಡಿಸುವವರೂ ಕೊಟೇಶನ್‌ಗೆ ಒಪ್ಪಿಗೆ ಕೊಡುವ ಮುಂಚೆ ಡಕ್ಟಿನ ನಕ್ಷೆ ಕೇಳಿ ಪಡೆಯಬೇಕು. ಬ್ಲೋವರಿನ ಎರಡೂ ಬದಿಗೆ ಎಷ್ಟು ಅಡಿ ನೇರ ಡಕ್ಟ್ ಇದೆಯೆಂದು ಅದರಲ್ಲಿ ಬರೆಸಿಕೊಳ್ಳಬೇಕು. ತಗಡು ಕತ್ತರಿಸುವ ಮುಂಚೆ ಬದಲಿಸುವುದು ಸುಲಭ, ಮೇಲೆ ಏರಿಸಿದ ಮೇಲೆ ದುಬಾರಿ.