ನೋವಿಲ್ಲದ ಗಂಟನ್ನು ಕಡೆಗಣಿಸದಿರಿ

ತೋಟದ ಕೆಲಸದಲ್ಲಿ ತೊಡೆಗೋ ಭುಜಕ್ಕೋ ಪೆಟ್ಟು ಬಿದ್ದು ಊದಿಕೊಳ್ಳುವುದು ನಮಗೆ ಹೊಸತಲ್ಲ. ಆದರೆ ವಾರಗಳು ಕಳೆದರೂ ಇಳಿಯದೆ, ನೋವೂ ಇಲ್ಲದೆ ಬೆಳೆಯುವ ಗಂಟಿನ ಬಗ್ಗೆ ಎಚ್ಚರ ಬೇಕು. ಹೆಚ್ಚಿನವು ಬರೇ ಕೊಬ್ಬಿನ ಗಂಟುಗಳು, ಅಪಾಯವಿಲ್ಲ. ಅಪರೂಪಕ್ಕೆ ಕೆಲವು ಸ್ನಾಯು, ಕೊಬ್ಬು, ನರ, ರಕ್ತನಾಳಗಳಲ್ಲಿ ಹುಟ್ಟುವ ಕ್ಯಾನ್ಸರ್ ಆಗಿರುತ್ತವೆ. ಇದನ್ನು ಸಾರ್ಕೋಮಾ ಎನ್ನುತ್ತಾರೆ.

ರೋಗಿ ಬದುಕುಳಿಯುವುದು ಯಾವುದನ್ನು ಹೊಂದಿಕೊಂಡಿದೆ?

1. ದರ್ಜೆ: ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬುದು ಬಹು ಮುಖ್ಯ. 1ನೇ ದರ್ಜೆ ನಿಧಾನ, 3ನೇ ದರ್ಜೆ ವೇಗ.

2. ಗಾತ್ರ, ಆಳ: 5 ಸೆಂ.ಮೀ.ಗಿಂತ, ಅಂದರೆ ದೊಡ್ಡ ಲಿಂಬೆಗಿಂತ, ಹಿರಿದಾದ ಗಂಟು ಹಾಗೂ ಸ್ನಾಯುವಿನ ಆಳದಲ್ಲಿರುವ ಗಂಟು ಹೆಚ್ಚು ಅಪಾಯಕರ.

3. ಜಾಗ: ಕೈಕಾಲಿನದನ್ನು ಪೂರ್ತಿ ತೆಗೆಯುವುದು ಸುಲಭ. ಹೊಟ್ಟೆಯ ಹಿಂಭಾಗದ್ದು ತಡವಾಗಿ ತಿಳಿಯುತ್ತದೆ, ತೆಗೆಯುವುದೂ ಕಷ್ಟ.

4. ಹರಡುವಿಕೆ: ಇದು ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುತ್ತದೆ. ಅಮೆರಿಕದ ದಾಖಲೆಗಳಂತೆ, ಹುಟ್ಟಿದ ಜಾಗದಲ್ಲೇ ಇರುವಾಗ ಪತ್ತೆಯಾದರೆ ನೂರಕ್ಕೆ ಸುಮಾರು 80 ಮಂದಿ 5 ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ್ದರೆ 20ಕ್ಕೂ ಕಡಿಮೆ.

5. ಮೊದಲ ಶಸ್ತ್ರಚಿಕಿತ್ಸೆ: ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ತೆಗೆಯಬೇಕು. ಪರೀಕ್ಷಿಸದೆ ಕೊಯ್ದರೆ ಬೇರು ಉಳಿದ ಕಳೆಯಂತೆ ಮತ್ತೆ ಚಿಗುರುತ್ತದೆ.

ಆದುದರಿಂದ ಗಂಟನ್ನು ತಿಕ್ಕಿಸುವುದು, ಸುಡಿಸುವುದು, ಕೊಯ್ಯಿಸುವುದು ಬೇಡ. ಮೊದಲು ಸ್ಕ್ಯಾನ್, ಬಳಿಕ ತುಣುಕು ತೆಗೆದು ಪರೀಕ್ಷೆ. ತುಣುಕು ತೆಗೆದರೆ ರೋಗ ಹರಡುತ್ತದೆಂಬ ಭಯ ಬೇಡ. ತಜ್ಞರು ಕ್ರಮವಾಗಿ ಮಾಡಿದರೆ ಅದೇ ಚಿಕಿತ್ಸೆಗೆ ದಾರಿದೀಪ. ನಮ್ಮ ಕಾಸರಗೋಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಇಂದು ಹೆಚ್ಚಿನವರಲ್ಲಿ ಕೈಕಾಲು ಕತ್ತರಿಸದೆಯೇ ಚಿಕಿತ್ಸೆ ಸಾಧ್ಯ. ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯದೆ, ಗಂಟು ಚಿಕ್ಕದಿರುವಾಗಲೇ ತೋರಿಸೋಣ.