ಹಿಮ ಬಿದ್ದ ಮೇಲೆ ಬೀಳುವ ಅಂಕ

1978ರ ಫೆಬ್ರವರಿ 6 ಮತ್ತು 7ರಂದು ಅಮೆರಿಕದ ಬಾಸ್ಟನ್ ನಗರವನ್ನು ಬಳಸಿ ಹೋಗುವ 128ನೇ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರುಗಳು, ಸುಮಾರು ಐನೂರು ಲಾರಿಗಳು ನಿಂತಲ್ಲೇ ಹಿಮದಡಿ ಹೂತುಹೋದವು. ಕಡಲು ಉಕ್ಕಿ ದಂಡೆಯ ಮನೆಗಳನ್ನು ಕೆಡವಿತು. ಸುಮಾರು ನೂರು ಜನ ಸತ್ತರು. ಬಾಸ್ಟನ್ನಿನಲ್ಲಿ 27 ಇಂಚು ಹಿಮ ಬಿದ್ದು, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಖಾಸಗಿ ವಾಹನಗಳು ರಸ್ತೆಗಿಳಿಯಬಾರದೆಂಬ ಆದೇಶ ದಿನಗಟ್ಟಲೆ ಜಾರಿಯಲ್ಲಿತ್ತು. ಆ ಊರಿನ ಹಳಬರು ಇವತ್ತಿಗೂ ‘ಎಪ್ಪತ್ತೆಂಟರ ಹಿಮ’ ಎಂದೇ ಕಾಲ ಗುರುತಿಸುತ್ತಾರೆ. ಆದರೆ ಇಂಥ ಬಿರುಗಾಳಿಗಳ ಹೆಸರಾಂತ ಮಾಪಕವೊಂದರಲ್ಲಿ ಇದಕ್ಕೆ ಸಿಕ್ಕಿದ್ದು 5.78 ಅಂಕ, ಐದರಲ್ಲಿ ಮೂರನೆಯ ದರ್ಜೆ. 1996ರ ಜನವರಿಯ ಇನ್ನೊಂದು ಹಿಮಪಾತಕ್ಕೆ ಅದೇ ಮಾಪಕ 11.78 ಕೊಟ್ಟು ಐದನೆಯ ದರ್ಜೆಗೇರಿಸಿತು.

ಇಲ್ಲಿ ಲೆಕ್ಕ ತಪ್ಪಿಲ್ಲ. ಈ ಮಾಪಕ ಯಾವುದನ್ನು ಎಣಿಸುತ್ತದೆ, ಯಾವುದನ್ನು ಬಿಡುತ್ತದೆ ಎಂದು ತಿಳಿದುಕೊಂಡರೆ ಗೊಂದಲ ಕಳೆಯುತ್ತದೆ.

ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ದರ್ಜೆ ಕೊಡುವುದು ಹೋಲಿಕೆಯಲ್ಲಿ ಸುಲಭ. ಗಾಳಿಯ ವೇಗ ಇಷ್ಟಿದ್ದರೆ ಚಂಡಮಾರುತ, ಇಷ್ಟು ದಾಟಿದರೆ ತೀವ್ರ ಚಂಡಮಾರುತ, ಅಷ್ಟೇ. ಚಳಿಗಾಲದ ಬಿರುಗಾಳಿ ಹಾಗಲ್ಲ. ಅದು ಹಿಮ, ಮಂಜುಗಡ್ಡೆಯಾಗುವ ಮಳೆ, ಗಾಳಿ, ಕೊರೆಯುವ ಚಳಿ, ಕಡಲಿನ ಅಲೆ ಎಲ್ಲವನ್ನೂ ಒಟ್ಟಿಗೆ ಹೊತ್ತು ತರುತ್ತದೆ. ಒಂದೊಂದನ್ನೇ ಹಿಡಿದು ಅಳೆದವರು ಬಹಳ ಜನ. ಫ್ರೆಡ್ ಸ್ಯಾಂಡರ್ಸ್ ಮತ್ತು ಜಾನ್ ಗ್ಯಾಕಮ್ ಎಂಬ ಹವಾಮಾನ ವಿಜ್ಞಾನಿಗಳು 1980ರಲ್ಲಿ ವಾಯುಭಾರದ ಕುಸಿತವನ್ನು ಹಿಡಿದರು: 60 ಡಿಗ್ರಿ ಅಕ್ಷಾಂಶದಲ್ಲಿ 24 ಗಂಟೆಯೊಳಗೆ 24 ಮಿಲಿಬಾರ್ ಇಳಿದರೆ ಅದು ‘ಬಾಂಬ್’. ಪತ್ರಿಕೆಗಳು ಈಗಲೂ ಪ್ರೀತಿಯಿಂದ ಬಳಸುವ ‘ಬಾಂಬ್ ಸೈಕ್ಲೋನ್’ ಹುಟ್ಟಿದ್ದು ಇಲ್ಲಿಂದ. ವರ್ಜೀನಿಯಾ ವಿಶ್ವವಿದ್ಯಾಲಯದ ಡೋಲನ್ ಮತ್ತು ಡೇವಿಸ್ ಅಲೆಗಳ ಎತ್ತರ ಮತ್ತು ಅವು ಅಪ್ಪಳಿಸಿದ ಅವಧಿಯನ್ನು ಹಿಡಿದು ಐದು ವರ್ಗ ಮಾಡಿದರು. ಅದು ಕಡಲತೀರಕ್ಕೆ ಹೊಂದುವ ಲೆಕ್ಕ. ಆದರೆ ಅಟ್ಲಾಂಟಿಕ್ ಸಾಗರದ ನಡುವೆ ಸಿಡಿದ ಬಾಂಬ್ ದಡದ ಜನರಿಗೆ ಏನನ್ನೂ ಮಾಡದೆ ಹೋಗಬಹುದು. ವಾಯುಭಾರ ಸಾಧಾರಣವಾಗಿಯೇ ಇದ್ದ ಸೋಮಾರಿ ಬಿರುಗಾಳಿ ಮೂರು ದಿನ ಕದಲದೆ ನಿಂತು ಇಡೀ ರಾಜ್ಯವನ್ನು ಹೂಳಬಹುದು.

ಹಾಗಾಗಿ ಪಾಲ್ ಕೋಸಿನ್ ಮತ್ತು ಲೂಯಿಸ್ ಉಚೆಲ್ಲಿನಿ 2004ರಲ್ಲಿ ಬೇರೆ ದಾರಿ ಹಿಡಿದರು. (ಉಚೆಲ್ಲಿನಿ ಮುಂದೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ನಿರ್ದೇಶಕರಾದರು.) ಬಿರುಗಾಳಿ ಎಷ್ಟು ಬಲಿಷ್ಠ ಎಂದು ಕೇಳುವ ಬದಲು, ಎಷ್ಟು ಹಿಮ ಎಷ್ಟು ನೆಲದ ಮೇಲೆ, ಎಷ್ಟು ಜನರ ಮೇಲೆ ಬಿತ್ತು ಎಂದು ಅವರು ಕೇಳಿದರು. ಅದೇ ಈಶಾನ್ಯ ಹಿಮಪಾತ ಪರಿಣಾಮ ಮಾಪಕ, ಚಿಕ್ಕದಾಗಿ ‘ನೆಸಿಸ್’.

ಸೂತ್ರ ಹೆದರಿಸುವಂಥದ್ದಲ್ಲ. ನಾಲ್ಕು ಗೆರೆಗಳಿವೆ: 4, 10, 20 ಮತ್ತು 30 ಇಂಚು. ಪ್ರತಿ ಗೆರೆಗೂ ಎರಡು ಪ್ರಶ್ನೆ. ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಹಿಮ ಬಿದ್ದ ನೆಲ ಎಷ್ಟು? ಅಲ್ಲಿ ವಾಸಿಸುವ ಜನ ಎಷ್ಟು? ಬಂದ ಉತ್ತರಗಳನ್ನು ಸರಾಸರಿಯೊಂದರಿಂದ ಭಾಗಿಸುತ್ತಾರೆ. ಹಿಂದಿನ 30 ದೊಡ್ಡ ಬಿರುಗಾಳಿಗಳಲ್ಲಿ 10 ಇಂಚು ದಾಟಿದ ನೆಲದ ಸರಾಸರಿ 91,000 ಚದರ ಮೈಲಿ, ಅಂದರೆ ಸುಮಾರು 2.36 ಲಕ್ಷ ಚದರ ಕಿಲೋಮೀಟರು. ಕರ್ನಾಟಕ 1.92 ಲಕ್ಷ ಚದರ ಕಿಲೋಮೀಟರು ಎಂದು ನೆನಪಿಸಿಕೊಂಡರೆ ಹರವು ಮನಸ್ಸಿಗೆ ಬರುತ್ತದೆ. ಆ ನೆಲದ ಜನಸಂಖ್ಯೆಯ ಸರಾಸರಿ 3.54 ಕೋಟಿ. ನೆಲದ ಪಾಲು, ಜನರ ಪಾಲು ಎರಡನ್ನೂ ಕೂಡಿ, ಗೆರೆಯ ಇಂಚುಗಳ ಹತ್ತನೇ ಒಂದರಿಂದ ಗುಣಿಸಬೇಕು. 4 ಇಂಚಿನ ಗೆರೆಗೆ 0.4, 10ಕ್ಕೆ 1, 20ಕ್ಕೆ 2, 30ಕ್ಕೆ 3. ಕೊನೆಗೆ ನಾಲ್ಕನ್ನೂ ಕೂಡಿದರೆ ಅಂಕ.

ಒಂದು ಕಾಲ್ಪನಿಕ ಬಿರುಗಾಳಿಯನ್ನು ತೆಗೆದುಕೊಳ್ಳೋಣ. 4 ಇಂಚು ದಾಟಿದ ನೆಲ ಆ ಸರಾಸರಿಯ ಎರಡರಷ್ಟು, ಜನ ಒಂದೂವರೆಯಷ್ಟು: 3.5ನ್ನು 0.4ರಿಂದ ಗುಣಿಸಿದರೆ 1.4. ಹತ್ತು ಇಂಚು ದಾಟಿದಲ್ಲಿ ನೆಲವೂ ಜನವೂ ಸರಿಯಾಗಿ ಸರಾಸರಿಯಷ್ಟೇ: 2. ಇಪ್ಪತ್ತು ಇಂಚಿನಲ್ಲಿ ಎರಡೂ ಸರಾಸರಿಯ ಐದನೇ ಒಂದು: 0.4ನ್ನು 2ರಿಂದ ಗುಣಿಸಿದರೆ 0.8. ಮೂವತ್ತು ಇಂಚು ಎಲ್ಲೂ ಇಲ್ಲ. ಒಟ್ಟು 4.2, ಮೂರನೆಯ ದರ್ಜೆ. ಇದೇ ಬಿರುಗಾಳಿ ಇಷ್ಟೇ ಹಿಮವನ್ನು ನ್ಯೂಯಾರ್ಕ್, ಫಿಲಡೆಲ್ಫಿಯಾ ಬಿಟ್ಟು ಉತ್ತರದ ಮೇನ್ ರಾಜ್ಯದ ಕಾಡಿನ ಕಡೆಗೆ ಸುರಿಯಿತು ಎನ್ನಿ. ನೆಲದ ಲೆಕ್ಕ ಬದಲಾಗಲಿಲ್ಲ, ಜನ ಮಾತ್ರ 0.6, 0.3, ಸೊನ್ನೆ ಎಂದು ಇಳಿದರು. ಒಟ್ಟು 2.74. ಹಿಮದ ಒಂದು ಕಣವೂ ಕಡಿಮೆಯಾಗದೆ ದರ್ಜೆ ಎರಡಕ್ಕೆ ಇಳಿಯಿತು.

ದರ್ಜೆಗಳ ಗಡಿ ಹೀಗಿದೆ: 1ರಿಂದ 2.5ರೊಳಗೆ ಒಂದನೆಯದು, 4ರೊಳಗೆ ಎರಡು, 6ರೊಳಗೆ ಮೂರು, 10ರೊಳಗೆ ನಾಲ್ಕು, 10 ಮತ್ತು ಮೇಲೆ ಐದು. ಐದನೆಯ ದರ್ಜೆ ತೀರಾ ಅಪರೂಪ. 1993ರ ಮಾರ್ಚ್‌ನ ‘ಶತಮಾನದ ಬಿರುಗಾಳಿ’ 13.20 ಅಂಕದೊಂದಿಗೆ ಪಟ್ಟಿಯ ತುದಿಯಲ್ಲಿದೆ, ಅದರ ಕೆಳಗೆ 1996ರದು. 1978ರ ಬಾಸ್ಟನ್ ಹಿಮ ಹಿಂದೆ ಬಿದ್ದದ್ದು ಏಕೆಂದು ಈಗ ಗೊತ್ತಾಗುತ್ತದೆ. ಅದು ಮುಖ್ಯವಾಗಿ ಬಾಸ್ಟನ್ ಸುತ್ತಲ ನ್ಯೂ ಇಂಗ್ಲೆಂಡ್ ಪ್ರದೇಶದ ಒಂದು ಭಾಗವನ್ನು ಗುದ್ದಿತು. 1993ರದು ಅಲಬಾಮಾದಿಂದ ಮೇನ್‌ವರೆಗೆ ಹಾಸಿತು.

ನೆಸಿಸ್‌ನ ಕೊರತೆ ಅದರ ಹೆಸರಲ್ಲೇ ಇದೆ, ಅದು ಈಶಾನ್ಯ ರಾಜ್ಯಗಳ ಅಳತೆಗೋಲು. 2014ರ ಜನವರಿ 28ರಂದು ದಕ್ಷಿಣದ ಅಟ್ಲಾಂಟಾದಲ್ಲಿ ಬಿದ್ದದ್ದು ಬರೀ ಎರಡೂವರೆ ಇಂಚು. ಬಾಸ್ಟನ್ನಿನವರು ಕಾಫಿ ಲೋಟ ಕೆಳಗಿಡದೆ ನೋಡುವಷ್ಟು ಹಿಮ. ಅಟ್ಲಾಂಟಾದಲ್ಲಿ ಹೆದ್ದಾರಿಗಳು ರಾತ್ರಿಯಿಡೀ ಕಟ್ಟಿಕೊಂಡವು, ಸಾವಿರಾರು ಮಕ್ಕಳು ಶಾಲೆಯಲ್ಲೇ ಮಲಗಿದರು. ಈ ಸಮಸ್ಯೆ ನಮಗೆ ಹೊಸದಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರು ದಾಟಿದರೆ ‘ಭಾರೀ ಮಳೆ’, 204.5 ಮುಟ್ಟಿದರೆ ‘ಅತ್ಯಂತ ಭಾರೀ’. ಗೆರೆ ಆಗುಂಬೆಗೂ ಅದೇ, ರಾಯಚೂರಿಗೂ ಅದೇ. ಜುಲೈನಲ್ಲಿ ಎಪ್ಪತ್ತು ಮಿಲಿಮೀಟರು ಬಿದ್ದರೆ ಆಗುಂಬೆಯವರು ತಲೆಯೆತ್ತಿ ನೋಡುವುದಿಲ್ಲ. ಅಷ್ಟೇ ಮಳೆ ರಾಯಚೂರಿನ ತಗ್ಗು ಬಡಾವಣೆಗೆ ಬಿದ್ದರೆ ಬೇರೆಯೇ ಕತೆ.

ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಇದಕ್ಕೆಂದು ಪ್ರಾದೇಶಿಕ ಹಿಮಪಾತ ಸೂಚ್ಯಂಕ ತಂದಿತು, ‘ಆರ್‌ಎಸ್‌ಐ’. ದೇಶದ ಪೂರ್ವದ ಮೂರನೇ ಎರಡು ಭಾಗವನ್ನು ಆರು ಪ್ರದೇಶ ಮಾಡಿ, ಪ್ರತಿಯೊಂದಕ್ಕೂ ಅದರದೇ ನಾಲ್ಕು ಗೆರೆ ಹಾಕಿತು. ಈಶಾನ್ಯಕ್ಕೆ ಹಳೆಯ 4, 10, 20, 30. ಆಗ್ನೇಯಕ್ಕೆ 2, 5, 10, 15. ಅಂಕವೂ ಆ ಪ್ರದೇಶದ್ದೇ, ಒಂದೇ ಬಿರುಗಾಳಿಗೆ ಎರಡು ಮೂರು ಕಡೆ ಬೇರೆ ಬೇರೆ ದರ್ಜೆ ಬರಬಹುದು. 1993ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿದ್ದ 13 ಇಂಚು ಬಾಸ್ಟನ್ ಲೆಕ್ಕದಲ್ಲಿ ಎರಡನೇ ಗೆರೆಯನ್ನಷ್ಟೇ ದಾಟುತ್ತದೆ. ಆಗ್ನೇಯದ ಗೆರೆಗಳಲ್ಲಿ ಅದು ಮೂರನ್ನು ದಾಟುತ್ತದೆ. ಆರ್‌ಎಸ್‌ಐನಲ್ಲಿ ದರ್ಜೆಯ ಗಡಿಗಳು 1, 3, 6, 10 ಮತ್ತು 18. ನೆಸಿಸ್‌ನ 8 ಮತ್ತು ಆರ್‌ಎಸ್‌ಐನ 8 ಒಂದೇ ಅಲ್ಲ. ವರದಿಗಳಲ್ಲಿ ಇವೆರಡನ್ನೂ ಬೆರೆಸಿ ಬರೆಯುವವರಿದ್ದಾರೆ, ಹುಷಾರಾಗಿರಬೇಕು.

ಇನ್ನೊಂದು ವ್ಯತ್ಯಾಸ ಒಳಗಡೆ ಇದೆ, ನನಗೆ ಇದೇ ಹೆಚ್ಚು ಸ್ವಾರಸ್ಯದ್ದು. ನೆಸಿಸ್ ಎಲ್ಲ ಗೆರೆಗೂ 10 ಇಂಚಿನ ಸರಾಸರಿಯಿಂದಲೇ ಭಾಗಿಸುತ್ತದೆ. ಆರ್‌ಎಸ್‌ಐ ಪ್ರತಿ ಗೆರೆಗೂ ಆ ಗೆರೆಯದೇ ಸರಾಸರಿಯಿಂದ ಭಾಗಿಸುತ್ತದೆ. 30 ಇಂಚು ಬೀಳುವುದೇ ಅಪರೂಪ, ಹಾಗಾಗಿ ಅದರ ಸರಾಸರಿ ಪುಟ್ಟದು; ಪುಟ್ಟ ಸಂಖ್ಯೆಯಿಂದ ಭಾಗಿಸಿದರೆ ಅಂಕ ಜಿಗಿಯುತ್ತದೆ. 1969ರ ಫೆಬ್ರವರಿ ಕೊನೆಯಲ್ಲಿ ನ್ಯೂ ಇಂಗ್ಲೆಂಡಿನ ಮೇಲೆ ದಿನಗಟ್ಟಲೆ ಸುರಿದ ಹಿಮಕ್ಕೆ ನೆಸಿಸ್ ಕೊಟ್ಟದ್ದು 4.29. ಆರ್‌ಎಸ್‌ಐನಲ್ಲಿ ಅದೇ ಬಿರುಗಾಳಿ 34ರ ಅಂಕ ಪಡೆದು ಈಶಾನ್ಯದ ಪಟ್ಟಿಯ ತುದಿಗೆ ಹೋಗಿ ಕುಳಿತಿದೆ. 2016ರ ಜನವರಿಯದ್ದು ನೆಸಿಸ್‌ನಲ್ಲಿ 7.66, ನಾಲ್ಕನೆಯ ದರ್ಜೆ. ಆರ್‌ಎಸ್‌ಐನ ಈಶಾನ್ಯದಲ್ಲಿ 20 ದಾಟಿ ಐದನೆಯದು. ಜನಸಂಖ್ಯೆಗೆ ಆರ್‌ಎಸ್‌ಐ 2000ದ ಜನಗಣತಿಯನ್ನೇ ಎಲ್ಲ ಕಾಲಕ್ಕೂ ಹಚ್ಚುತ್ತದೆ. 1922ರಲ್ಲಿ ವಾಷಿಂಗ್ಟನ್ನಿನ ನಿಕರ್‌ಬಾಕರ್ ಚಿತ್ರಮಂದಿರದ ಛಾವಣಿ ಹಿಮದ ಭಾರಕ್ಕೆ ಕುಸಿದು 98 ಜನ ಸತ್ತರಲ್ಲ, ಆ ಬಿರುಗಾಳಿಯನ್ನೂ 2000ದ ಊರುಗಳ ಮೇಲೆ ಬಿದ್ದಂತೆಯೇ ಎಣಿಸುತ್ತಾರೆ. ಹೋಲಿಕೆಗೆ ಅದೇ ಸರಿ, ಚರಿತ್ರೆಗೆ ಅಲ್ಲ.

ಇಷ್ಟೆಲ್ಲ ಗಣಿತದ ಬುಡದಲ್ಲಿ ಇರುವುದು ಬಿಳಿ ಬಣ್ಣ ಬಳಿದ ಒಂದು ಪ್ಲೈವುಡ್ ಹಲಗೆ ಮತ್ತು ಒಂದು ಸ್ಕೇಲು. ಹಲಗೆಯನ್ನು ಬಯಲಲ್ಲಿಟ್ಟು, ಇಂಚಿನ ಹತ್ತನೇ ಒಂದರವರೆಗೆ ಅಳೆದು, ಒರೆಸಿ ಮತ್ತೆ ಇಡಬೇಕು. ಆರು ಗಂಟೆಗೊಮ್ಮೆಗಿಂತ ಹೆಚ್ಚು ಸಲ ಒರೆಸುವಂತಿಲ್ಲ. ಹೊಸ ಹಿಮ ಹೂವಿನಂತೆ ಹಗುರ, ತನ್ನದೇ ತೂಕಕ್ಕೆ ಕುಗ್ಗುತ್ತದೆ. ಗಂಟೆಗೊಮ್ಮೆ ಅಳೆದು ಕೂಡುವವನಿಗೆ ಸುಮ್ಮನೆ ಹೆಚ್ಚು ಇಂಚು ಸಿಗುತ್ತದೆ. 2016ರ ಆ ಬಿರುಗಾಳಿಯಲ್ಲಿ ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದಲ್ಲಿ ಹಲಗೆಯೇ ಹಿಮದಡಿ ಕಳೆದುಹೋಯಿತು! ಅಲ್ಲಿ ದಾಖಲಾದದ್ದು 17.8 ಇಂಚು, ಹೊರವಲಯದ ವಿಮಾನ ನಿಲ್ದಾಣ ಡಲ್ಲೆಸ್‌ನಲ್ಲಿ 29.3. ವಿಚಾರಣಾ ತಂಡ ಬಂದು ನೋಡಿ ಆ 17.8ನ್ನು ಹಾಗೇ ಉಳಿಸಿತು. ಆದರೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನ 26.8 ಅನ್ನು 27.5ಕ್ಕೆ ತಿದ್ದಿತು, 2006ರ 26.9ರ ದಾಖಲೆ ಹಾಗೆ ಮುರಿಯಿತು. ಸೂಚ್ಯಂಕ ಬಹಳಷ್ಟು ಕೇಂದ್ರಗಳ ಅಳತೆಯನ್ನು ನಕ್ಷೆಯ ಮೇಲೆ ಹರಡಿ ಲೆಕ್ಕ ಹಾಕುವುದರಿಂದ ಒಂದು ಕೇಂದ್ರದ ಎಡವಟ್ಟು ಅಷ್ಟಾಗಿ ಕಾಡದು. ಹೀಗೆ ಅಳೆಯುವವರಲ್ಲಿ ಬಹುಪಾಲು ಸ್ವಯಂಸೇವಕರು.

ಸೂಚ್ಯಂಕ ಬಿಡುವುದು ಏನೇನು? ಗಾಳಿ, ಚಳಿ, ಮಂಜುಗಡ್ಡೆಯ ಮಳೆ, ಕಡಲು, ಹಿಮ ಬಿದ್ದ ಹೊತ್ತು. ‘ಬ್ಲಿಜಾರ್ಡ್’ ಎನ್ನಲು ಗಂಟೆಗೆ 35 ಮೈಲಿಯ ಗಾಳಿ ಮತ್ತು ಕಾಲು ಮೈಲಿಯಾಚೆ ಏನೂ ಕಾಣದ ಸ್ಥಿತಿ ಮೂರು ಗಂಟೆ ಇರಬೇಕು. ಆ ಮಾಹಿತಿ ಈ ಅಂಕಕ್ಕೆ ಬರುವುದೇ ಇಲ್ಲ. 2022ರ ಕ್ರಿಸ್‌ಮಸ್ ವೇಳೆ ಬಫಲೋ ನಗರದ ಸುತ್ತ ನಲವತ್ತಕ್ಕೂ ಹೆಚ್ಚು ಜನ ಸತ್ತದ್ದು ಆ ಕುರುಡು ಗಾಳಿಯಲ್ಲಿ. ಬಫಲೋ ಪಕ್ಕದ ಸರೋವರದ ಕಡೆಯಿಂದ ಬರುವ ಅಂಥ ಹಿಮ ಕಿರಿದಾದ ಪಟ್ಟಿಯಲ್ಲಿ ಸುರಿಯುತ್ತದೆ, ನೆಲ ಕಡಿಮೆ, ಹಾಗಾಗಿ ಅಂಕಕ್ಕೆ ಹೆಚ್ಚು ದಕ್ಕುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಸುಮಾರು 45 ಲಕ್ಷ ಮನೆಗಳ ವಿದ್ಯುತ್ ಹೋಗಿ, ರಾಜ್ಯದ ಆರೋಗ್ಯ ಇಲಾಖೆ 246 ಸಾವು ಲೆಕ್ಕ ಹಾಕಿತು. ಅಲ್ಲಿ ಕೊಂದದ್ದು ಮುಖ್ಯವಾಗಿ ಚಳಿ. ಗಾಳಿಯನ್ನು ಸೇರಿಸಿದ್ದರೆ ಚೆನ್ನಿತ್ತು ಎನ್ನುವುದು ನನ್ನ ಅಭಿಪ್ರಾಯ. ಆದರೆ ಒಂದು ನೂರು ವರ್ಷದ ಹಿಂದಿನ ಗಾಳಿಯ ದಾಖಲೆ ಹಿಮದಷ್ಟು ಊರೂರಿಗೆ ಸಿಗುವುದಿಲ್ಲ, ಅದೂ ನಿಜ.

ನ್ಯೂಜೆರ್ಸಿಯಲ್ಲೋ ಬಾಸ್ಟನ್ನಿನಲ್ಲೋ ಮಗಳು ಅಳಿಯ ಇರುವವರಿಗೆ ಇಲ್ಲಿಂದ ಒಂದು ಮಾತು. ಈ ದರ್ಜೆ ಹಿಮ ನಿಂತು, ಅಳೆದು ಮುಗಿದ ಮೇಲೆ ಬರುವಂಥದ್ದು. ಬಿರುಗಾಳಿ ಬರುವ ಮುನ್ನ ಯಾರಾದರೂ ‘ಕ್ಯಾಟಗರಿ ಫೈವ್’ ಎಂದು ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ನಂಬಬೇಡಿ. ಮುನ್ನ ನೋಡಬೇಕಾದದ್ದು ರಾಷ್ಟ್ರೀಯ ಹವಾಮಾನ ಸೇವೆಯ ಎಚ್ಚರಿಕೆಗಳು ಮತ್ತು ಅದರ ಚಳಿಗಾಲದ ಬಿರುಗಾಳಿ ತೀವ್ರತಾ ನಕ್ಷೆ. ಅದರಲ್ಲಿ ಹಿಮದ ಪ್ರಮಾಣ, ಅದರ ಭಾರ, ಮಂಜುಗಡ್ಡೆ, ಹಾರುವ ಹಿಮ, ರಸ್ತೆ ದಿಢೀರನೆ ಹೆಪ್ಪುಗಟ್ಟುವ ಸಂಭವ ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ.